ಒಂದು ಸೈಟು, ಎರಡು ಉತ್ತರ

ನಮ್ಮ ನಗರಗಳಲ್ಲಿ ಮನೆ ಕಟ್ಟುವ ಮಾತು ಬಂದರೆ ಮೊದಲು ಕೇಳಿಬರುವ ಅಳತೆ ಥರ್ಟಿ-ಫಾರ್ಟಿ, ಅಂದರೆ 30 ಅಡಿ ಅಗಲ, 40 ಅಡಿ ಉದ್ದದ, ಒಟ್ಟು 1200 ಚದರ ಅಡಿಯ ಸೈಟು. ಅಂಥ ಸೈಟಿನ ಒಡೆಯರೊಬ್ಬರು ಅರ್ಧ ಜಾಗದಲ್ಲಿ ಮಾತ್ರ ಮನೆ ಕಟ್ಟಿ, ಉಳಿದರ್ಧವನ್ನು ನಾಲ್ಕೂ ಕಡೆ ಒಂದೇ ಅಗಲದ ಪಟ್ಟಿಯಾಗಿ ಖಾಲಿ ಬಿಡಬೇಕೆಂದಿದ್ದಾರೆ ಎಂದುಕೊಳ್ಳೋಣ. (ಸೆಟ್‌ಬ್ಯಾಕ್ ನಿಯಮಗಳು ನಿಜದಲ್ಲಿ ಇಷ್ಟು ಸರಳವಾಗಿರುವುದಿಲ್ಲ, ಸದ್ಯಕ್ಕೆ ಅವನ್ನು ಬದಿಗಿಡೋಣ.) ಆ ಪಟ್ಟಿಯ ಅಗಲ ಎಷ್ಟಿರಬೇಕು?

ಅರ್ಧ ಜಾಗ ಎಂದೊಡನೆ ಉದ್ದ ಅಗಲಗಳೆರಡನ್ನೂ ಅರ್ಧ ಮಾಡುವವರಿದ್ದಾರೆ. ಆಗ ಸಿಗುವುದು 20 ಮತ್ತು 15 ಅಡಿಯ ಮನೆ, ಅಂದರೆ 300 ಚದರ ಅಡಿ. ಅದು ಸೈಟಿನ ಅರ್ಧವಲ್ಲ, ಕಾಲು ಭಾಗ. ಇನ್ನೊಂದು ದಾರಿ ಪಟ್ಟಿಗಳನ್ನೇ ಕೂಡಿಸುವುದು. ಪಟ್ಟಿಯ ಅಗಲ ಗೊತ್ತಿಲ್ಲವಾದ್ದರಿಂದ ಅದಕ್ಕೊಂದು ಹೆಸರು ಬೇಕು. ಭಾಸ್ಕರಾಚಾರ್ಯ ತನ್ನ ಬೀಜಗಣಿತದಲ್ಲಿ ತಿಳಿಯದ ಸಂಖ್ಯೆಯನ್ನು ‘ಯಾವತ್ ತಾವತ್’ ಎಂದು ಕರೆದು, ಅದರ ಮೊದಲಕ್ಷರವಾದ ‘ಯಾ’ ಎಂಬುದನ್ನು ಚಿಹ್ನೆಯಾಗಿ ಬರೆಯುತ್ತಿದ್ದ. ನಾವೂ ಅದನ್ನೇ ಬಳಸೋಣ. 40 ಅಡಿ ಉದ್ದದ ಎರಡು ಪಟ್ಟಿ, 30 ಅಡಿ ಉದ್ದದ ಎರಡು ಪಟ್ಟಿ, ಒಟ್ಟು 140 ಯಾ. ಇದನ್ನು 600ಕ್ಕೆ ಸಮ ಎಂದಿಟ್ಟರೆ ಸುಮಾರು 4.29 ಅಡಿ ಎಂಬ ಉತ್ತರ ಬರುತ್ತದೆ. ಆ ಅಳತೆಗೆ ದಾರ ಕಟ್ಟಿ ಪಾಯ ತೆಗೆದರೆ ಮನೆ 600ರ ಬದಲು ಸುಮಾರು 673 ಚದರ ಅಡಿ ಆಕ್ರಮಿಸುತ್ತದೆ. ತಪ್ಪು ಅಡಗಿರುವುದು ನಾಲ್ಕು ಮೂಲೆಗಳಲ್ಲಿ: ಪ್ರತಿ ಮೂಲೆಯ ಚೌಕವೂ ಎರಡೆರಡು ಪಟ್ಟಿಗಳಿಗೆ ಸೇರಿದ್ದು, ಎರಡು ಸಲ ಎಣಿಕೆಯಾಗಿದೆ. ಒಂದೊಂದು ಮೂಲೆಯೂ ಯಾ² ಆದ್ದರಿಂದ 4 ಯಾ² ಕಳೆಯಬೇಕು.

140 ಯಾ − 4 ಯಾ² = 600

ಶಾಲೆಯಲ್ಲಿ ವರ್ಗ ಸಮೀಕರಣ ಎಂದು ಕಲಿಯುವಾಗ ಆ ವರ್ಗಪದ ಎಲ್ಲಿಂದ ಬಂತೆಂದು ನಮ್ಮಲ್ಲಿ ಹೆಚ್ಚಿನವರು ಕೇಳಿದ್ದಿಲ್ಲ. ಇಲ್ಲಿ ಅದು ಸೈಟಿನ ಮೂಲೆಗಳಿಂದ ಬಂದಿದೆ, ಬೇಕಾದರೆ ಅದರ ಮೇಲೆ ನಿಂತೂ ನೋಡಬಹುದು. ನಾಲ್ಕರಿಂದ ಭಾಗಿಸಿ ಜೋಡಿಸಿದರೆ ಯಾ² − 35 ಯಾ + 150 = 0 ಆಗುತ್ತದೆ. ಕೂಡಿದರೆ 35, ಗುಣಿಸಿದರೆ 150 ಆಗುವ ಸಂಖ್ಯೆಗಳು 5 ಮತ್ತು 30. ಸುತ್ತಲೂ 5 ಅಡಿ ಬಿಟ್ಟರೆ ಮನೆ 30 ಅಡಿಗೆ 20 ಅಡಿ, ಅಂದರೆ ಸರಿಯಾಗಿ 600 ಚದರ ಅಡಿ. ಬರೀ ಐದಡಿ ಬಿಟ್ಟದ್ದಕ್ಕೆ ಅರ್ಧ ಸೈಟು ಕೈಬಿಟ್ಟಿತೇ ಎಂದು ಒಡೆಯರಿಗೆ ಅನ್ನಿಸಿದರೆ ಅದು ಸಹಜ.

ಹಾಗಾದರೆ 30 ಎಂಬ ಎರಡನೆಯ ಉತ್ತರದ ಗತಿಯೇನು? 30 ಅಡಿ ಅಗಲದ ಸೈಟಿನಲ್ಲಿ ಎರಡೂ ಬದಿಗೆ 30 ಅಡಿ ಬಿಡುವುದು ಆಗದ ಮಾತು ಎಂದು ಅದನ್ನು ಹೊಡೆದುಹಾಕುತ್ತೇವೆ. ಆದರೂ ಸಮೀಕರಣ ಅದನ್ನು ಸುಮ್ಮನೆ ಕೊಟ್ಟದ್ದಲ್ಲ. 40ರಿಂದ 60 ಕಳೆದರೆ −20, 30ರಿಂದ 60 ಕಳೆದರೆ −30. ಎರಡು ಋಣಗಳ ಗುಣಲಬ್ಧ ಧನವಾದ್ದರಿಂದ ವಿಸ್ತೀರ್ಣ ಮತ್ತೆ 600! ಸಮೀಕರಣಕ್ಕೆ ಗೊತ್ತಿರುವುದು ಗುಣಾಕಾರ ಮಾತ್ರ, ಗೋಡೆಯಲ್ಲ.

ಸುಮಾರು 1150ರಲ್ಲಿ ರಚಿತವಾದ ಭಾಸ್ಕರನ ಬೀಜಗಣಿತದ ಕೋತಿಗಳ ಲೆಕ್ಕದಲ್ಲೂ ಇದೇ ಪೇಚು ಬರುತ್ತದೆ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕೋತಿಗಳು ಗುಹೆ ಸೇರಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣಿಸುತ್ತಿದೆ, ಒಟ್ಟು ಎಷ್ಟು? ಉತ್ತರ 50 ಅಥವಾ 5. ಐದರ ಐದನೆಯ ಭಾಗ ಒಂದು. ಅದರಲ್ಲಿ ಮೂರು ಕಳೆದರೆ −2, ವರ್ಗ ಮಾಡಿದರೆ 4, ಕೊಂಬೆಯ ಮೇಲಿನ ಒಂದನ್ನು ಸೇರಿಸಿದರೆ ಲೆಕ್ಕವೇನೋ ತಾಳೆಯಾಗುತ್ತದೆ. ಆದರೂ ಭಾಸ್ಕರ ಅದನ್ನು ಬಿಟ್ಟುಬಿಡುತ್ತಾನೆ, ಏಕೆಂದರೆ ಋಣವಾದ ಎಣಿಕೆಯಲ್ಲಿ ಲೋಕಕ್ಕೆ ನಂಬಿಕೆಯಿಲ್ಲ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಬಳಿಕ ನಮ್ಮ ಸೈಟಿನಲ್ಲಿ ನಾವು ಮಾಡಿದ್ದೂ ಅದನ್ನೇ.

ಕೆಲವೊಮ್ಮೆ ಸಮೀಕರಣ ಉತ್ತರವನ್ನೇ ಕೊಡುವುದಿಲ್ಲ. ಒಂದು ಗುಂಟೆ ಎಂದರೆ 33 ಅಡಿ ಬದಿಯ ಚೌಕ, 1089 ಚದರ ಅಡಿ. ಅಂಥವು 40 ಸೇರಿದರೆ ಒಂದು ಎಕರೆ. ಕೈಯಲ್ಲಿ 120 ಅಡಿ ತಂತಿಬೇಲಿ ಇದೆ, ಅದರಲ್ಲಿ ಆಯಾಕಾರದ ಒಂದು ಗುಂಟೆ ತರಕಾರಿ ಮಡಿಯನ್ನು ಸುತ್ತುವರಿಯಬಹುದೇ? ಒಂದು ಬದಿ ಯಾ ಆದರೆ ಪಕ್ಕದ ಬದಿ 60 − ಯಾ, ಸಮೀಕರಣ ಯಾ² − 60 ಯಾ + 1089 = 0. ಇದರ ಶೋಧಕ, ಅಂದರೆ ಉತ್ತರಕ್ಕಾಗಿ ವರ್ಗಮೂಲ ತೆಗೆಯಬೇಕಾದ ಸಂಖ್ಯೆ, 3600 − 4356 = −756. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾನೆ. ಮುಂದಿನ ಗಣಿತ ಅಂಥ ಮೂಲಕ್ಕೂ ಒಂದು ನೆಲೆ ಕಲ್ಪಿಸಿತು, ನಿಜ. ಆದರೆ ಬೇಲಿ ಹಾಕುವವರ ಮಟ್ಟಿಗೆ ಮಹಾವೀರನ ಮಾತೇ ಸರಿ. ಎಷ್ಟೇ ತಿರುಗಿಸಿ ಮುರುಗಿಸಿದರೂ 132 ಅಡಿಗಿಂತ ಕಡಿಮೆ ಬೇಲಿಯಲ್ಲಿ ಆಯಾಕಾರದ ಒಂದು ಗುಂಟೆ ಹಿಡಿಯುವುದಿಲ್ಲ, ಮತ್ತು ಗೂಟ ನೆಡುವ ಮೊದಲೇ ಅದು ಕಾಗದದ ಮೇಲೆ ತಿಳಿದುಬಿಡುತ್ತದೆ.

ಅದೇ 120 ಅಡಿಯನ್ನು ಈಗಾಗಲೇ ಇರುವ ಕಾಂಪೌಂಡ್ ಗೋಡೆಗೆ ಆನಿಸಿ ಮೂರೇ ಬದಿಗೆ ಹಾಕಿದರೆ ಚಿತ್ರವೇ ಬದಲಾಗುತ್ತದೆ. ಗೋಡೆಯಿಂದ ಹೊರಚಾಚುವ ಬದಿಗಳು ತಲಾ ಯಾ, ಗೋಡೆಗೆ ಸಮಾಂತರವಾದದ್ದು 120 − 2 ಯಾ; ಈ ಬಾರಿ 2 ಯಾ² − 120 ಯಾ + 1089 = 0. ಇದು ಸುಲಭವಾಗಿ ಅಪವರ್ತನವಾಗುವುದಿಲ್ಲ. ವರ್ಗಪದದ ಸಹಗುಣಕದ ನಾಲ್ಕು ಪಟ್ಟಿನಿಂದ ಎರಡೂ ಪಕ್ಷಗಳನ್ನು ಗುಣಿಸಿ, ಯಾ ಪದದ ಸಹಗುಣಕದ ವರ್ಗವನ್ನು ಕೂಡಿಸಿ, ಮೂಲ ತೆಗೆಯಬೇಕೆಂಬ ಶ್ರೀಧರಾಚಾರ್ಯನ ಸೂತ್ರ ಇಲ್ಲಿ ನೆರವಿಗೆ ಬರುತ್ತದೆ (ಅವನ ಬೀಜಗಣಿತದ ಗ್ರಂಥ ಕಳೆದುಹೋಗಿದೆ, ಭಾಸ್ಕರ ಉದ್ಧರಿಸಿದ್ದರಿಂದ ಸೂತ್ರ ಉಳಿಯಿತು). ಉತ್ತರ ಸುಮಾರು 48.85 ಅಡಿ ಅಥವಾ 11.15 ಅಡಿ. ಎರಡೂ ಧನ, ಎರಡೂ ನಿಜ. ಮೊದಲನೆಯದು ಗೋಡೆಯ ಉದ್ದಕ್ಕೆ 22.3 ಅಡಿ ಮಾತ್ರ ಹಿಡಿದು ಹಿತ್ತಲಿನೊಳಕ್ಕೆ ಚಾಚುತ್ತದೆ; ಎರಡನೆಯದು ಗೋಡೆಗಂಟಿ 97.7 ಅಡಿ ಓಡುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕೆಂದು ತಿಳಿಯಲು ಟೇಪು ಹಿಡಿದು ಗೋಡೆಯನ್ನು ಅಳೆಯಬೇಕು. ಅದು 60 ಅಡಿಗೇ ಮುಗಿದರೆ ಎರಡನೆಯ ಮಡಿಗೆ ಅಲ್ಲಿ ಜಾಗವಿಲ್ಲ.