ಪ್ಲಾಟಿನಂ ಮೇಲೆ ಜಾಗದ ಜಗಳ

ಕಾರು ಸ್ಟಾರ್ಟ್ ಆದ ಮೊದಲ ಒಂದೆರಡು ನಿಮಿಷ ಅದು ಉಗುಳುವ ಹೊಗೆಯಲ್ಲಿ ವಿಷ ಹೆಚ್ಚು. ಹೊಗೆಯ ದಾರಿಯಲ್ಲಿ ಆ ವಿಷವನ್ನು ಕಳೆಯುವ ಕೆಟಲಿಟಿಕ್ ಕನ್ವರ್ಟರ್ ಇದೆ, ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಸೂಕ್ಷ್ಮ ಕಣಗಳಿವೆ. ಆದರೂ ಸುಮಾರು 250 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಅದು ಕೆಲಸಕ್ಕೆ ಇಳಿಯುವುದಿಲ್ಲ. ತಣ್ಣಗಿದ್ದಾಗ ಯಾವ ರಾಸಾಯನಿಕ ಕ್ರಿಯೆಯೂ ನಿಧಾನವೇ, ನಿಜ. ಆದರೆ ಇಲ್ಲಿ ಅಷ್ಟೇ ಅಲ್ಲ.

ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಮತ್ತು ಆಮ್ಲಜನಕ ಕೂಡಿದರೆ ನಿರಪಾಯವೆನ್ನಬಹುದಾದ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ (ಹವಾಮಾನದ ಮಾತು ಬೇರೆ). ಗಾಳಿಯಲ್ಲಿ ಇವೆರಡೂ ಸುಮ್ಮನೆ ತೇಲುತ್ತಿರುತ್ತವೆ, ಯಾಕೆಂದರೆ ಆಮ್ಲಜನಕದ ಅಣುವಿನ ಎರಡು ಪರಮಾಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿವೆ. ಆ ಹಿಡಿತವನ್ನು ಬಿಡಿಸುವುದು ಪ್ಲಾಟಿನಂ. ಅಣು ಮೇಲ್ಮೈಗೆ ಅಂಟಿಕೊಂಡಾಗ, ಅಂದರೆ ಅಧಿಶೋಷಣೆಯಾದಾಗ, ಲೋಹದ ಎಲೆಕ್ಟ್ರಾನುಗಳು ಅದರ ಬಂಧವನ್ನು ಸಡಿಲಿಸುತ್ತವೆ. ಅಣು ಎರಡಾಗಿ ಒಡೆಯುತ್ತದೆ, ಪರಮಾಣುಗಳು ಲೋಹಕ್ಕೇ ಅಂಟಿ ಉಳಿಯುತ್ತವೆ.

ತೊಡಕು ಇರುವುದು ಇಲ್ಲೇ. ಕಾರ್ಬನ್ ಮಾನಾಕ್ಸೈಡ್ ಒಡೆಯದೆ, ತನ್ನ ಕಾರ್ಬನ್ ತುದಿಯನ್ನು ಕೆಳಗೆ ಊರಿ ನಿಲ್ಲುತ್ತದೆ. ಬಸ್ಸು ಹತ್ತಿದ ಒಂಟಿ ಪ್ರಯಾಣಿಕನಿಗೆ ಯಾವ ಮೂಲೆಯ ಸೀಟಾದರೂ ಸರಿ. ಆಮ್ಲಜನಕದ್ದು ಜೋಡಿ, ಅದಕ್ಕೆ ಅಕ್ಕಪಕ್ಕದ ಎರಡು ಸೀಟು ಖಾಲಿ ಬೇಕು. ತಣ್ಣನೆಯ ಲೋಹದ ಮೇಲೆ ಕಾರ್ಬನ್ ಮಾನಾಕ್ಸೈಡ್ ಒತ್ತೊತ್ತಾಗಿ ತುಂಬಿಕೊಂಡರೆ ಆಮ್ಲಜನಕ ಬಂದ ದಾರಿಯಲ್ಲೇ ವಾಪಸು. ಬಿಸಿ ಏರಿದಾಗ ಕೆಲವು ಅಣುಗಳು ಕಿತ್ತು ಹಾರುತ್ತವೆ, ಜಾಗ ತೆರವಾಗುತ್ತದೆ, ಆಗ ಕೆಲಸ ಶುರು. ಅಮೆರಿಕದ ರಸಾಯನಶಾಸ್ತ್ರಜ್ಞ ಇರ್ವಿಂಗ್ ಲ್ಯಾಂಗ್‌ಮ್ಯೂರ್ 1922ರಲ್ಲೇ ಇದನ್ನು ಅಳೆದಿದ್ದರು: ಕಾರ್ಬನ್ ಮಾನಾಕ್ಸೈಡ್ ಹೆಚ್ಚಿಸಿದಷ್ಟೂ ಕ್ರಿಯೆಯ ವೇಗ ಕುಗ್ಗುತ್ತಿತ್ತು.

ಆದರೆ ಮೇಲ್ಮೈಯಲ್ಲಿ ನಡೆಯುವುದನ್ನು ನೋಡಬೇಕಾದರೆ ಮೇಲ್ಮೈ ಶುಭ್ರವಾಗಿರಬೇಕು. ವಾತಾವರಣದ ಒತ್ತಡದ ನೂರು ಕೋಟಿಯಲ್ಲೊಂದು ಪಾಲಿನಷ್ಟು ಅನಿಲ ಉಳಿದಿದ್ದರೂ ಕೆಲವೇ ಸೆಕೆಂಡುಗಳಲ್ಲಿ ಲೋಹದ ಮೇಲೆ ಒಂದು ಪದರ ಕೂತುಬಿಡುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ಬರಿದಾದ ನಿರ್ವಾತ ಸಿಕ್ಕಿದ ಮೇಲೆಯೇ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಅವರಂಥವರ ಕೆಲಸ ಸಾಧ್ಯವಾಯಿತು. 2007ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಂದಿತು. ಗಾಳಿಯಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕದ ಪರಮಾಣುವಿಗೆ ನೇರವಾಗಿ ಡಿಕ್ಕಿ ಹೊಡೆಯುವುದಿಲ್ಲ, ಮೊದಲು ತಾನೂ ಲೋಹಕ್ಕೆ ಅಂಟಿ, ಆಮೇಲೆ ಕೂಡುತ್ತದೆ ಎಂಬುದು ಅವರ ಪ್ರಯೋಗಗಳಿಂದ ಖಚಿತವಾಯಿತು.

ನನಗೆ ಇನ್ನೂ ಸೋಜಿಗವೆನಿಸುವುದು ಲೋಹದ ನಡವಳಿಕೆ. ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಅಂದರೆ ವೇಗವರ್ಧಕ, ತಾನು ಬದಲಾಗುವುದಿಲ್ಲ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಪ್ಲಾಟಿನಂ ಬದಲಾಗುತ್ತದೆ. ಅದರ ಹರಳಿನ ಒಂದು ಬಗೆಯ ಮುಖದಲ್ಲಿ ಪರಮಾಣುಗಳು ಸಾಲುಬಿಟ್ಟು ಸಾಲು ಜೋಡಿಸಿಕೊಂಡಿರುತ್ತವೆ. ಕಾರ್ಬನ್ ಮಾನಾಕ್ಸೈಡ್ ಸಾಕಷ್ಟು ಕೂತರೆ ಅವು ಸರಿದು ಖಾಲಿ ಸಾಲನ್ನು ತುಂಬುತ್ತವೆ. ಈ ಹೊಸ ಜೋಡಣೆಗೆ ಆಮ್ಲಜನಕ ಸಲೀಸಾಗಿ ಅಂಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಸುಟ್ಟುಹೋಗುತ್ತದೆ, ಲೋಹ ಹಳೆಯ ರೂಪಕ್ಕೆ ಮರಳುತ್ತದೆ. ಹೀಗೆ ಕ್ರಿಯೆ ತಾನಾಗಿಯೇ ಏರುತ್ತ ಇಳಿಯುತ್ತ ಸಾಗುತ್ತದೆ. 1990ರ ಸುಮಾರಿಗೆ ಬರ್ಲಿನ್‌ನಲ್ಲಿ ವಿಶೇಷ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಲೋಹದ ಮೇಲೆ ಈ ಕ್ರಿಯೆಯ ಸುರುಳಿ ಅಲೆಗಳು ಹರಡುತ್ತಿದ್ದವು.

ಅಂಟಿದ್ದು ಬಿಟ್ಟುಹೋಗಲೂಬೇಕು. ಹಿಂದೆ ಪೆಟ್ರೋಲಿನಲ್ಲಿರುತ್ತಿದ್ದ ಸೀಸ ಬಿಡುವುದಿಲ್ಲ, ಸಕ್ರಿಯ ಜಾಗಗಳನ್ನು ಮುಚ್ಚಿ ಕನ್ವರ್ಟರನ್ನೇ ಕೊಲ್ಲುತ್ತದೆ. ಹಾಗಾಗಿ 1995ರಲ್ಲಿ ನಮ್ಮ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾದಾಗ ಅಲ್ಲಿನ ಬಂಕುಗಳಿಗೆ ಸೀಸವಿಲ್ಲದ ಪೆಟ್ರೋಲ್ ಕೂಡ ಬರಬೇಕಾಯಿತು. 2000ದ ಫೆಬ್ರವರಿಯಿಂದ ದೇಶದ ಎಲ್ಲ ಬಂಕುಗಳಲ್ಲೂ ಅದೇ.