ಹಲ್ಲೇನು ತಳ ಹಿಡಿದ ಪಾತ್ರೆಯೇ?

ಬಾಯೊಳಗೆ ಕನ್ನಡಿ ಇಟ್ಟ ಕೂಡಲೇ ಕೆಲವರನ್ನು ಕೇಳುತ್ತೇನೆ, ‘ನೀವು ಬಲಗೈಯವರು, ಅಲ್ವಾ?’ ಎಂದು. ಬಸವನಗುಡಿಯ ನಮ್ಮ ಕ್ಲಿನಿಕ್‌ಗೆ ಬರುವ ಹಿರಿಯರು ಇದನ್ನು ಕೈರೇಖೆ ನೋಡಿದಷ್ಟೇ ಬೆರಗಿನಿಂದ ಒಪ್ಪಿಕೊಳ್ಳುತ್ತಾರೆ. ಇದರಲ್ಲಿ ಪವಾಡ ಏನೂ ಇಲ್ಲ. ಎಡಗಡೆಯ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳು ವಸಡಿನ ಅಂಚಿನಲ್ಲಿ ಕೊಡಲಿಯಿಂದ ಕಚ್ಚು ಹಾಕಿದ ಹಾಗೆ ಸವೆದಿರುತ್ತವೆ. ಬಲಗೈಯಲ್ಲಿ ಬ್ರಷ್ ಹಿಡಿದವರ ಜೋರು ಸಾಮಾನ್ಯವಾಗಿ ಅಲ್ಲಿಗೇ ಬೀಳುತ್ತದೆ.

ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಹೀಗೇ ಬಂದಿದ್ದರು. ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತದೆ ಎಂದು ದೂರು. ‘ಡಾಕ್ಟ್ರೇ, 40 ವರ್ಷದಿಂದ ದಿನಾ ಹತ್ತು ನಿಮಿಷ ಉಜ್ತೀನಿ. ನನಗೂ ಹುಳುಕಾ?’ ಎಂದರು. ಹುಳುಕಲ್ಲ ಸರ್, ಆ ಹತ್ತು ನಿಮಿಷವೇ ಕಾಯಿಲೆ ಎಂದೆ. ಅವರಿಗೆ ಬೇಜಾರಾಯಿತು. ಬೇಜಾರಾಗದೆ ಇರುತ್ತದೆಯೇ? ಸೋಮಾರಿಗಳಿಗೆ ಬೈದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಇಷ್ಟು ಶಿಸ್ತಿನ ಮನುಷ್ಯನಿಗೆ ‘ನಿಮ್ಮ ಶಿಸ್ತೇ ತಪ್ಪು’ ಎಂದು ಹೇಗೆ ಹೇಳುವುದು?

ದಿನಕ್ಕೆ ಎರಡು ಸಲ, ರಾತ್ರಿ ತಪ್ಪಿಸಬಾರದು, ಇದೆಲ್ಲ ನಿಮಗೆ ಗೊತ್ತು. ಬಿಡೋಣ. ನಾನು ಹೇಳಬೇಕಾದದ್ದು ಒಂದೇ. ಜೋರಾಗಿ ತಿಕ್ಕಿದರೆ ಹಲ್ಲು ಜಾಸ್ತಿ ಶುದ್ಧವಾಗುವುದಿಲ್ಲ. ಇದನ್ನು ದಿನಾ ಹೇಳುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮತ್ತೆ ಹಲ್ಲನ್ನು ತಳ ಹಿಡಿದ ಪಾತ್ರೆಯ ಹಾಗೆ ತಿಕ್ಕುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಬ್ರಷ್‌ನಿಂದ ತೆಗೆಯಬೇಕಾದದ್ದು ಪಾಚಿ. ಬೆಳಿಗ್ಗೆ ಎದ್ದಾಗ ಉಗುರಿನಿಂದ ಹಲ್ಲನ್ನು ಕೆರೆದರೆ ಬೆಳ್ಳಗೆ, ಲೋಳೆಯಾಗಿ ಬರುತ್ತದಲ್ಲ, ಅದು. ಹಾಲಿನ ಕೆನೆಯಷ್ಟು ಮೆತ್ತಗೆ. ಉಗುರಿಗೇ ಬರುವುದಕ್ಕೆ ಭುಜದ ಬಲ ಯಾಕೆ? ಈ ಪಾಚಿಯನ್ನು ಹಾಗೇ ಬಿಟ್ಟರೆ ಕೆಲವು ದಿನಗಳಲ್ಲಿ ಎಂಜಲಿನ ಸುಣ್ಣದಂಶ ಸೇರಿ ಗಾರೆಯಾಗುತ್ತದೆ. ಗಾರೆ ಆಯಿತೋ, ಆಮೇಲೆ ನೀವು ಎಷ್ಟೇ ತಿಕ್ಕಿದರೂ ಅದು ಜಗ್ಗುವುದಿಲ್ಲ. ನಾವೇ ಮಷೀನ್ ಹಿಡಿದು ತೆಗೆಯಬೇಕು. ಅಂದರೆ ಮೆತ್ತಗಿರುವುದಕ್ಕೆ ಜೋರು ಬೇಡ, ಗಟ್ಟಿಯಾದದ್ದಕ್ಕೆ ಜೋರು ಸಾಲದು. ನಡುವೆ ನಿಮ್ಮ ಜೋರು ತಿನ್ನುವುದು ಹಲ್ಲನ್ನು, ವಸಡನ್ನು.

ಹಲ್ಲಿನ ಮೇಲಿನ ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ಪದಾರ್ಥ. ತೂಕದ ಲೆಕ್ಕದಲ್ಲಿ ಸುಮಾರು 96 ಶೇಕಡ ಖನಿಜವೇ. ಆದರೆ ಜಗಿಯುವ ಮೇಲ್ಭಾಗದಲ್ಲಿ ಎರಡು ಮಿಲಿಮೀಟರಿನಷ್ಟು ದಪ್ಪ ಇರುವ ಇದು ವಸಡಿನ ಹತ್ತಿರ ಬರುತ್ತಾ ಕಾಗದದಷ್ಟಾಗುತ್ತದೆ. ವಸಡು ಕೆಳಗೆ ಸರಿದರೆ ಬೇರಿನ ಭಾಗ ಹೊರಗೆ ಬರುತ್ತದೆ, ಅಲ್ಲಿ ಎನಾಮೆಲ್ಲೇ ಇಲ್ಲ. ಮತ್ತೆ ಬೆಳೆಯುತ್ತದಾ ಎಂದು ಕೇಳುತ್ತಾರೆ. ಇಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಕೆಲಸ ಮುಗಿಸಿ ಹೋಗಿರುತ್ತವೆ. ಸರಿದ ವಸಡೂ ತಾನಾಗಿ ವಾಪಸ್ ಬರುವುದಿಲ್ಲ.

ಒಂದು ಮಾತು. ಎಲ್ಲ ಕಚ್ಚಿಗೂ ಬ್ರಷ್ಷೇ ಕಾರಣ ಎನ್ನಲಾರೆ. ನಿದ್ದೆಯಲ್ಲಿ ಹಲ್ಲು ಕಡಿಯುವವರಿದ್ದಾರೆ, ಹುಳಿತೇಗಿನವರಿದ್ದಾರೆ. ಜುಂ ಅನ್ನುವುದು ಸೀಳಿದ ಹಲ್ಲಿನಿಂದಲೂ ಇರಬಹುದು. ಈ ಅಂಕಣ ಓದಿ ನೀವೇ ತೀರ್ಮಾನಿಸಬೇಡಿ, ಹತ್ತಿರದ ದಂತವೈದ್ಯರಿಗೆ ತೋರಿಸಿ.

ಹುಳಿ ಎಂದಾಗ ಲಾಲ್‌ಬಾಗ್ ನೆನಪಾಗುತ್ತದೆ. ಬೆಳಿಗ್ಗೆ ವಾಕಿಂಗ್ ಮುಗಿಸಿ, ಗೇಟಿನ ಹೊರಗೆ ನೆಲ್ಲಿಕಾಯಿ ಜ್ಯೂಸೋ ನಿಂಬೆಹಣ್ಣಿನ ನೀರೋ ಕುಡಿದು, ಮನೆಗೆ ಬಂದ ತಕ್ಷಣ ಹಲ್ಲುಜ್ಜುವ ಒಂದು ದೊಡ್ಡ ಬಳಗವೇ ಇದೆ. ಹುಳಿ ತಾಗಿದ ಎನಾಮೆಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ಆಗಲೇ ಬ್ರಷ್ ಹಾಕಿದರೆ ಸವೆತ ಜಾಸ್ತಿ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಇಲ್ಲ, ಉಜ್ಜಿಕೊಂಡೇ ವಾಕಿಂಗ್‌ಗೆ ಹೊರಡಿ.

ಮನಸ್ಸಿಗೆ ನೋವಾಗುವುದು ಮಾತ್ರ ಬೇರೆಯವರನ್ನು ಕಂಡಾಗ. ಪಾವಗಡ, ಬಾಗೇಪಲ್ಲಿ ಕಡೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದ ಹುಡುಗರು. ಚಿಕ್ಕಂದಿನಲ್ಲಿ ಫ್ಲೋರೈಡ್ ಜಾಸ್ತಿಯಿರುವ ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕ್ಯಾಬ್ ಓಡಿಸುವ ಒಬ್ಬ ಹುಡುಗ ಮದುವೆ ನಿಶ್ಚಯವಾಯಿತೆಂದು ಉಪ್ಪು, ನಿಂಬೆರಸ ಹಾಕಿ ಎರಡು ತಿಂಗಳು ತಿಕ್ಕಿದ್ದ. ವಸಡಿನಲ್ಲಿ ರಕ್ತ, ಕಲೆ ಇದ್ದಲ್ಲೇ ಇತ್ತು. ಆ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಎನಾಮೆಲ್ಲಿನ ಒಳಗೆ ಸೇರಿದ್ದಪ್ಪ, ಕೊಳೆಯಲ್ಲ ಎಂದೆ. ‘ಹಂಗಾದ್ರೆ ನನ್ನ ತಪ್ಪಲ್ವಾ ಮೇಡಂ?’ ಎಂದು ಕೇಳಿದ. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಮಾಡಿದೆವು.

‘ನಮ್ಮಜ್ಜಿ ಇದ್ದಿಲಲ್ಲಿ ಉಜ್ಜಿ ಕೊನೇತನಕ ಚಕ್ಕುಲಿ ಕಡಿದರು’ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಅಜ್ಜಿ ಬೆರಳಿನಲ್ಲಿ ಉಜ್ಜಿದರು, ದಿನಾ ಬಿಸ್ಕತ್ತು ತಿನ್ನಲಿಲ್ಲ. ಅದೇ ಇದ್ದಿಲನ್ನು ಕಪ್ಪು ಟ್ಯೂಬಿನಲ್ಲಿ ಕೊಂಡು, ಗಟ್ಟಿ ಬ್ರಷ್ ಮೇಲೆ ಹಾಕಿ ತಿಕ್ಕಿದರೆ ಅಜ್ಜಿಯ ಹಲ್ಲು ಬರುವುದಿಲ್ಲ.

ಹಾಗಾದರೆ ಎಷ್ಟು ಒತ್ತಬೇಕು? ಅಡುಗೆಮನೆಯ ತೂಕದ ಮಷೀನ್ ಮೇಲೆ ಬ್ರಷ್ ಒತ್ತಿ ನೋಡಿ. 150 ಗ್ರಾಂ ತೋರಿಸಿದರೆ ಸಾಕು. ಹೆಚ್ಚಿನವರು ಮೊದಲ ಸಲಕ್ಕೇ ಅದನ್ನು ದಾಟುತ್ತಾರೆ. ಅಂಗಡಿಯವರು ಕೊಟ್ಟದ್ದನ್ನು ತರದೆ ‘ಸಾಫ್ಟ್’ ಎಂದು ಬರೆದ ಬ್ರಷ್ ಕೇಳಿ. ಮುಷ್ಟಿಯಲ್ಲಿ ಹಿಡಿಯಬೇಡಿ, ಪೆನ್ನಿನ ಹಾಗೆ ಬೆರಳ ತುದಿಯಲ್ಲಿ ಹಿಡಿಯಿರಿ. ವಸಡಿನ ಅಂಚಿಗೆ ಓರೆಯಾಗಿಟ್ಟು ಸಣ್ಣಗೆ ಸುತ್ತಿಸಿ. ಎರಡು ನಿಮಿಷ. ಹೊಸ ಬ್ರಷ್ಷಿನ ಎಳೆಗಳು ತಿಂಗಳೊಳಗೇ ಸೇವಂತಿಗೆಯ ಹಾಗೆ ಅರಳಿದವೆಂದರೆ ನೀವು ನನ್ನ ಮಾತು ಕೇಳಿಲ್ಲ.

ಬ್ಯಾಂಕಿನವರ ಕಚ್ಚುಗಳಿಗೆ ಫಿಲ್ಲಿಂಗ್ ಹಾಕಿದೆ. ಕೈ ಬದಲಾಗದಿದ್ದರೆ ಅದೂ ಸವೆದು ಬೀಳುತ್ತದೆ ಎಂದು ಎಚ್ಚರಿಸಿದ್ದೆ. ಆರು ತಿಂಗಳ ನಂತರ ಬಂದರು, ಫಿಲ್ಲಿಂಗ್ ಹಾಗೇ ಇತ್ತು. ಹೇಗೆ ಸಾಧಿಸಿದಿರಿ ಎಂದು ಕೇಳಿದೆ. ‘ಬಲಗೈ ಮಾತು ಕೇಳಲಿಲ್ಲ ಡಾಕ್ಟ್ರೇ. ಎಡಗೈಲಿ ಉಜ್ತಿದೀನಿ, ಅದಕ್ಕೆ ಜೋರೇ ಬರಲ್ಲ’ ಎಂದರು. ಹಳೆಯ ಗಟ್ಟಿ ಬ್ರಷ್ಷನ್ನು ಅವರ ಮನೆಯವರು ದೇವರ ದೀಪ ತಿಕ್ಕಲು ಇಟ್ಟುಕೊಂಡಿದ್ದಾರಂತೆ.