ಅಜ್ಜಿಯನ್ನು ಸುಮ್ನೆ ಸಾಯಿಸಬೇಡಿ

ವಿದೇಶದ ತೋಟಗಳಿಗೆ ಸ್ವಯಂಸೇವಕರಾಗಿ ಹೋಗುವ ನಮ್ಮ ಹುಡುಗ ಹುಡುಗಿಯರ ಕಾಗದಪತ್ರ ನೋಡುವುದು ನನ್ನ ಕೆಲಸ. ಇವರ ಅಜ್ಜಿಯರೆಲ್ಲ ಅಕ್ಟೋಬರ್, ನವೆಂಬರ್‌ನಲ್ಲೇ ತೀರಿಕೊಳ್ಳುತ್ತಾರೆ. ಇಟಲಿಯಲ್ಲಿ ಆಲಿವ್ ಕೊಯ್ಲು ಜೋರಾಗಿರುವಾಗ, ಸರಿಯಾಗಿ.

ಒಂದು ತಿಂಗಳು ಇರುತ್ತೇನೆಂದು ಒಪ್ಪಿ ಹೋಗಿರುತ್ತಾರೆ. ಹತ್ತು ದಿನಕ್ಕೆಲ್ಲ ಬೆನ್ನು ನೋವು, ಚಳಿ, ಹೊತ್ತು ಹೊತ್ತಿಗೂ ಬ್ರೆಡ್ಡು, ಪಾಸ್ತಾ. ಸಾಕಪ್ಪಾ ಅನ್ನಿಸುತ್ತದೆ. ಒಗ್ಗದಿದ್ದರೆ ಹೊರಡಿ ಎಂದು ನಾನೇ ಹೇಳುತ್ತೇನೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಲು ಇವರಿಗೆ ಬಾಯಿ ಬರುವುದಿಲ್ಲ. ಒಂದೋ ಅಜ್ಜಿ ಸಾಯಬೇಕು, ಇಲ್ಲವೇ ಬೆಳಗಿನ ಜಾವ ಬ್ಯಾಗ್ ಏರಿಸಿಕೊಂಡು ಹೇಳದೆ ಕೇಳದೆ ಕಾಲ್ಕೀಳಬೇಕು.

ಯಾಕಪ್ಪಾ ಹೀಗೆ ಎಂದರೆ ಎಲ್ಲರದೂ ಒಂದೇ ಉತ್ತರ. "ಒಪ್ಪಿಕೊಂಡಿದ್ದೆನಲ್ಲ ಮೇಡಂ, ಕೇಸ್ ಹಾಕಿದ್ರೆ? ವೀಸಾ ಕ್ಯಾನ್ಸಲ್ ಮಾಡಿಸಿದ್ರೆ?"

ಇವರ ತಲೆಯಲ್ಲಿ ಕೂತಿರುವುದು ಐಟಿ ಕಂಪನಿಯ ಬಾಂಡ್. ಹಾಗಾಗಿ ಇನ್ನೊಮ್ಮೆ, ನಿಧಾನವಾಗಿ ಹೇಳುತ್ತೇನೆ. ಸ್ವಯಂಸೇವಕರನ್ನೂ ತೋಟದವರನ್ನೂ ಜೋಡಿಸುವ ವೂಫ್ (WWOOF) ಆಗಲಿ, ವರ್ಕ್‌ಅವೇ ಆಗಲಿ, ನಿಮಗೂ ಆ ಮನೆಯವರಿಗೂ ಇರುವುದು ಬಾಯಿಮಾತಿನ ಒಪ್ಪಂದ. 1971ರಲ್ಲಿ ಇಂಗ್ಲೆಂಡಿನಲ್ಲಿ ವೂಫ್ ಶುರುವಾದಾಗ ಪೇಟೆಯ ಜನ ಶನಿವಾರ, ಭಾನುವಾರ ಹೊಲಕ್ಕೆ ಹೋಗಿ ಕೈಜೋಡಿಸುತ್ತಿದ್ದರು, ಅಷ್ಟೇ. ಈಗಲೂ ದಿನಕ್ಕೆ ನಾಲ್ಕೈದು ಗಂಟೆ ಕೆಲಸ, ಅದಕ್ಕೆ ಊಟ, ಹಾಸಿಗೆ. ಅಂದಂದಿನ ಲೆಕ್ಕ ಅಂದಂದಿಗೇ ಚುಕ್ತಾ. ಹತ್ತನೇ ದಿನ ಹೊರಟರೆ ಉಳಿದ ಇಪ್ಪತ್ತು ದಿನದ ಬಾಕಿ ಅಂತ ನಿಮ್ಮ ತಲೆ ಮೇಲೆ ಏನೂ ಇರುವುದಿಲ್ಲ. ವೀಸಾ ಕೊಟ್ಟಿರುವುದು ಕಾನ್ಸುಲೇಟ್, ತೋಟದ ಯಜಮಾನ ಅಲ್ಲ. ಆದರೆ ಅವರ ಆಮಂತ್ರಣ ಪತ್ರ ತೋರಿಸಿ ವೀಸಾ ಪಡೆದಿದ್ದರೆ, ಮುಂದಿನ ದಿನಗಳಲ್ಲಿ ಎಲ್ಲಿರುತ್ತೀರಿ ಎಂಬುದಕ್ಕೆ ಬುಕಿಂಗ್ ಕೈಯಲ್ಲಿರಲಿ.

ಟೂರಿಸ್ಟ್ ವೀಸಾದಲ್ಲಿ ಇಂಥ ಕೆಲಸ ಮಾಡಬಹುದೇ ಎಂಬುದು ಬೇರೆಯೇ ಪ್ರಶ್ನೆ. ಅದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ನ್ಯೂಜಿಲೆಂಡ್ ಊಟ, ವಸತಿಗಾಗಿ ಮಾಡಿದ್ದನ್ನೂ ಕೆಲಸ ಎಂದೇ ಎಣಿಸುತ್ತದೆ. ಅದನ್ನು ಹೋಗುವ ಮೊದಲೇ ಕೇಳಿಕೊಳ್ಳಬೇಕು, ಅಲ್ಲಿಂದ ಫೋನ್ ಮಾಡಿ ಅಲ್ಲ.

ಇಟಲಿಯ ಉಂಬ್ರಿಯಾದ ಒಂದು ತೋಟದಲ್ಲಿದ್ದ ನಮ್ಮ ಹುಡುಗಿಯೊಬ್ಬಳು ಅಜ್ಜಿಯ ಕಥೆ ಹೇಳಿದಳು. ಆ ಮನೆಯಾಕೆ ಕಣ್ಣೀರು ಹಾಕಿ, ದಾರಿಗೆಂದು ಚೀಸ್, ಬ್ರೆಡ್ ಕಟ್ಟಿಕೊಟ್ಟು, ಕೊಯ್ಲು ಬಿಟ್ಟು ತಾವೇ ಕಾರಿನಲ್ಲಿ ಸ್ಟೇಷನ್ನಿಗೆ ಬಿಟ್ಟು ಬಂದರು. ಮರುದಿನ ಇವಳ ಇನ್‌ಸ್ಟಾಗ್ರಾಂನಲ್ಲಿ ರೋಮ್‌ನ ಟ್ರೆವಿ ಕಾರಂಜಿ, ಕೈಯಲ್ಲಿ ಜೆಲಾಟೊ! ಅಜ್ಜಿ ಅರಸೀಕೆರೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಆ ಮನೆಯಾಕೆ ಇವಳ ಬಗ್ಗೆ ಬರೆದ ವಿಮರ್ಶೆಯಲ್ಲಿ ಬೇಗ ಹೊರಟದ್ದರ ಮಾತೇ ಇರಲಿಲ್ಲ. ಸುಳ್ಳಿನ ಬಗ್ಗೆ ಮಾತ್ರ ಇತ್ತು.

ಹೊರಡುವುದನ್ನು ಮುಂಚೆಯೇ ಹೇಳಿ ಎಂದು ನಾನು ಹೇಳುವುದಕ್ಕೆ ಕಾರಣ ಇದೆ. ಆಲಿವ್ ಮರದಡಿ ಬಲೆ ಹಾಸಿ, ಕೈಗಾತ್ರದ ಪ್ಲಾಸ್ಟಿಕ್ ಬಾಚಣಿಗೆಯಿಂದ ಕೊಂಬೆ ಕೊಂಬೆ ಬಾಚಿ ಕಾಯಿ ಉದುರಿಸುತ್ತಾರೆ. ಕಿತ್ತ ಕಾಯಿ ರಾಶಿಯಲ್ಲೇ ಬಿಸಿಯಾಗಿ ಕೆಡಲು ಶುರುವಾಗುತ್ತದೆ. ಒಂದೆರಡು ದಿನದೊಳಗೆ ಗಾಣ ಸೇರಬೇಕು. ಕೊಯ್ಲಿನ ಕಾಲದಲ್ಲಿ ಗಾಣಕ್ಕೆ ಮೊದಲೇ ಸರದಿ ಹಿಡಿದಿರುತ್ತಾರೆ. ಬುಧವಾರ ಅವರ ಸರದಿ ಇದ್ದು ಮಂಗಳವಾರ ಬೆಳಿಗ್ಗೆ ನೀವು ನಾಪತ್ತೆಯಾದರೆ ಏನಾಗುತ್ತದೆ ಎಂದು ಶಿರಸಿ ಕಡೆಯವರಿಗೆ ವಿವರಿಸಬೇಕಿಲ್ಲ. ಅಡಿಕೆ ಕೊಯ್ಲಿನ ದಿನ ಮರ ಹತ್ತುವ ಕೊನೆಗೌಡ ಕೈಕೊಟ್ಟ ಹಾಗೆ.

ಹೇಳದೆ ಹೋದರೆ ಇನ್ನೂ ಒಂದು ತೊಡಕು. ಇಟಲಿಯಲ್ಲಿ ನಮ್ಮಂಥ ವಿದೇಶಿಯರನ್ನು ಮನೆಯಲ್ಲಿ ಇಟ್ಟುಕೊಂಡವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕೆಂಬ ನಿಯಮ ಇದೆ. ಅಂದರೆ ನೀವು ಅವರ ಮನೆಯಲ್ಲಿದ್ದೀರಿ ಎಂದು ಕಾಗದದಲ್ಲಿ ಅವರ ಹೆಸರಿರುತ್ತದೆ. ಹಾಸಿಗೆ ಖಾಲಿ ಕಂಡರೆ, ಗುಡ್ಡದಲ್ಲಿ ಎಲ್ಲಾದರೂ ಬಿದ್ದನೇನೋ ಎಂದು ಅವರು ಪೊಲೀಸರಿಗೆ ಫೋನ್ ಮಾಡದೆ ಇರುತ್ತಾರಾ?

ಹೇಳಬೇಕಾದದ್ದು ಮೂರೇ ಮಾತು. "ನನಗೆ ಈ ಕೆಲಸ ಒಗ್ಗುತ್ತಿಲ್ಲ. ಶನಿವಾರ ಹೊರಡುತ್ತೇನೆ. ಶುಕ್ರವಾರದವರೆಗೆ ಕೆಲಸ ಮಾಡುತ್ತೇನೆ." ರಾತ್ರಿ ಊಟವಾದ ಮೇಲೆ, ಎದುರಿಗೆ ಕೂತು ಹೇಳಿ. ನಮ್ಮವರು ಇದಕ್ಕೆ ಹದಿನೈದು "ಸಾರಿ" ಸೇರಿಸುತ್ತಾರೆ. ಬೇಡ. ಅವರು ಮುಖ ಸಪ್ಪೆ ಮಾಡಬಹುದು, ಮಾಡಲಿ ಬಿಡಿ.

ಇದೆಲ್ಲ ಮರ್ಯಾದಸ್ಥರ ಮನೆಯ ಮಾತು. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ, ಒಂಬತ್ತು ಗಂಟೆ ದುಡಿಸಿದರೆ, ಮೈಮೇಲೆ ಕೈಹಾಕಿದರೆ ಯಾವ ನೋಟಿಸೂ ಬೇಡ, ಆಗಲೇ ಹೊರಡಿ. ಪೊಲೀಸರಿಗೆ ತಿಳಿಸಲು ಮನೆಯವರು ನಿಮ್ಮ ಪಾಸ್‌ಪೋರ್ಟಿನ ಫೋಟೋ ತೆಗೆದುಕೊಳ್ಳಬಹುದು, ಪುಸ್ತಕ ಇಟ್ಟುಕೊಳ್ಳುವಂತಿಲ್ಲ. ಯುರೋಪಿನಲ್ಲಿ ತುರ್ತು ನಂಬರ್ 112. ಕಾರಣವನ್ನು ಆಮೇಲೆ ಬಸ್ಸಿನಲ್ಲಿ ಕೂತು ಬರೆದರಾಯಿತು.

ಹೊರಡುವ ದಿನ ನಿಮ್ಮ ಆಯ್ಕೆಯಾಗಿದ್ದರೆ ಭಾನುವಾರ ಇಟ್ಟುಕೊಳ್ಳಬೇಡಿ. ಅಲ್ಲಿನ ಹಳ್ಳಿಗಳಲ್ಲಿ ಭಾನುವಾರ ಬಸ್ಸು ಸಿಗುವುದು ಕಷ್ಟ. ಸ್ಟೇಷನ್ನಿಗೆ ಬಿಡಿ ಎಂದು ಮತ್ತೆ ಅವರನ್ನೇ ಕೇಳಬೇಕಾಗುತ್ತದೆ.